ಬಾತ್‌ರೂಮಿನಲ್ಲಿ ಆವಿದೆ!

ಭೂಮಿ ಬಾಯ್ಬಿಟ್ಟರೂ ಸರಿ, ಆಕಾಶ ಕಳಚಿ ತಲೆಮೇಲೆ ಬಿದ್ದರೂ ಸರಿ, ನನ್ನ ಫೋನಿನೊಳಗೆ ಒಂದೇ ಒಂದು ಹನಿ ತೇವವೂ ಹೋಗದಂತೆ ನೋಡಿಕೊಳ್ಳುತ್ತೇನೆ ಎಂದು ನಾನು ಬಾತ್‌ರೂಮಿನ ಹೊಸ್ತಿಲ ಮೇಲೆ ನಿಂತು, ಬಲಗೈ ಮೇಲೆತ್ತಿ, ಘೋರ ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆಗೆ ಸಾಕ್ಷಿಯಾಗಿ ನನ್ನ ಹೆಂಡತಿ ಎದುರಿಗೇ ನಿಂತಿದ್ದಳು.

"ಪ್ರತಿಜ್ಞೆ ಆಮೇಲಾಗಲಿ. ಮೊದಲು ಎತ್ತಿದ ಕೈ ಇಳಿಸಿ ಟವೆಲ್ ಹಿಡ್ಕೊಳ್ಳಿ, ಜಾರ್ತಿದೆ!" ಎಂದಳು.

ಇತಿಹಾಸದಲ್ಲಿ ದೊಡ್ಡವರೆಲ್ಲರ ಪ್ರತಿಜ್ಞೆಗಳಿಗೂ ಹೀಗೇ ಅಡ್ಡಿ ಬಂದಿರಬೇಕು. ಬರೆದಿಟ್ಟವರು ಮರ್ಯಾದೆಗಾಗಿ ಬಿಟ್ಟಿದ್ದಾರೆ, ಅಷ್ಟೇ.

ಬಾತ್‌ರೂಮಿಗೂ ಫೋನಿಗೂ ಏನಯ್ಯಾ ಸಂಬಂಧ ಅಂತೀರಾ? ಸಂಬಂಧ ಕಲ್ಪಿಸಿದ್ದು ನನ್ನ ನಾಲಿಗೆ. ಮುಚ್ಚಿಟ್ಟು ಫಲವಿಲ್ಲ, ಹೇಳಿಯೇಬಿಡುತ್ತೇನೆ. ನನ್ನ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಬರೆಯುವಾಗ ಜಮ್ಮಂತ ಬರುತ್ತದೆ. ಇದುವರೆಗಿನ ಸಾಲುಗಳನ್ನೇ ನೋಡಿ, ಎಲ್ಲಾದರೂ ತಪ್ಪಿದೆಯಾ? ಬಾಯಿ ತೆರೆದರೆ ಮಾತ್ರ ಹಾಲು 'ಆಲು' ಆಗುತ್ತದೆ, ಹಲ್ಲು 'ಅಲ್ಲು' ಆಗುತ್ತದೆ, ಕೈಹಿಡಿದ ಹೆಂಡತಿ 'ಎಂಡ್ತಿ' ಆಗಿಬಿಡುತ್ತಾಳೆ. ಅವಳು ಶಿಶುವಿಹಾರದಲ್ಲಿ ಟೀಚರ್ ಆಗಿದ್ದವಳು. ಆ ಶಿಶುವಿಹಾರ ಮುಚ್ಚಿಹೋಗಿ, ಬೇರೆ ಕೆಲಸ ಹುಡುಕುತ್ತಾ ಮನೆಯಲ್ಲಿದ್ದಳು. ಕಲಿಸಲು ಮಕ್ಕಳಿಲ್ಲದೆ ಅವಳ ಪೂರ್ತಿ ಗಮನ ನನ್ನ ಮೇಲೆ ಬಿದ್ದಿತ್ತು.

"ಅಕ್ಷರಮಾಲೇಲಿ ಹ ಬರೋದು ಕೊನೇ ಸಾಲಲ್ಲಿ. ಅಷ್ಟು ಹೊತ್ತಿಗೆ ನಿಮಗೆ ನಿದ್ದೆ ಬಂದಿರಬೇಕು!" ಎನ್ನುವಳು.

ಮನೆಯವರಿಗೇನೋ ಅಭ್ಯಾಸವಾಗಿತ್ತು. ಉಪ್ಪು ಕಡಿಮೆಯಾದ ಅಡುಗೆಗೆ ಮೇಲಿನಿಂದ ಉಪ್ಪು ಬೆರೆಸಿಕೊಂಡ ಹಾಗೆ, ನನ್ನ ಮಾತಿಗೆ ಹೆಂಡತಿ ಮತ್ತು ಅತ್ತೆ ತಾವೇ ಬೇಕಾದ ಕಡೆ ಹಕಾರ ಬೆರೆಸಿಕೊಂಡು ಕೇಳುತ್ತಿದ್ದರು. ನಾನು "ಅಗ್ಗ ಕೊಡಿ" ಅಂದರೆ ಹಗ್ಗ ಬರುತ್ತಿತ್ತು. "ಅಣ್ಣು ಎಚ್ಚಿಕೊಡು" ಅಂದರೆ ಹಣ್ಣು ಹೆಚ್ಚಿ ತಟ್ಟೆಯಲ್ಲಿ ಬರುತ್ತಿತ್ತು. ಸಂಸಾರ ಸುಖವಾಗಿಯೇ ಇತ್ತು.

ತೊಂದರೆ ಇದ್ದದ್ದು ಕೆಲಸದಲ್ಲಿ. ನಾನು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನವನು. ಗಾಜಿನ ತೂತಿನೊಳಗಿಂದ ಊರಿಗೆಲ್ಲಾ ಉತ್ತರ ಹೇಳುವುದೇ ನನ್ನ ಉದ್ಯೋಗ. ಪ್ರಯಾಣಿಕರಿಗೆ ಉಪ್ಪು ಬೆರೆಸಿಕೊಳ್ಳುವ ತಾಳ್ಮೆ ಎಲ್ಲಿಂದ ಬರಬೇಕು? ಒಮ್ಮೆ ಒಬ್ಬನಿಗೆ, "ಇನ್ನು ಅತ್ತು ನಿಮಿಷ ಕಾಯಿರಿ" ಅಂದೆ.

"ಅತ್ತು ಯಾಕೆ ಕಾಯಬೇಕು? ನಗುನಗುತ್ತಾ ಕಾದರೆ ಬಸ್ ಬರಲ್ವಾ?" ಎಂದುಬಿಟ್ಟ ಪುಣ್ಯಾತ್ಮ!

ಮತ್ತೊಬ್ಬ ಹೆಂಗಸಿಗೆ, "ಇಂದಿನ ಬಾಗಿಲಿನಿಂದ ಅತ್ತಿ" ಅಂದೆ. ಅವಳು ಬಸ್ಸನ್ನು ಒಂದು ಸುತ್ತು ಹಾಕಿ ಬಂದು ಕೇಳಿದಳು: "ಇಂದಿನದು ಯಾವುದು, ನಾಳಿನದು ಯಾವುದು, ಸರಿಯಾಗಿ ಹೇಳಿ ಸ್ವಾಮಿ!"

ಇಂಥ ನನಗೆ ಒಂದು ಆಸೆ. ನಗಬೇಡಿ! ನಿಲ್ದಾಣದ ಧ್ವನಿವರ್ಧಕದಲ್ಲಿ ಘೋಷಣೆ ಮಾಡುವ ಕೆಲಸ ನನಗೆ ಬೇಕು. ಗಾಜಿನ ತೂತಿನಲ್ಲಿ ಮಾತಾಡಿ ಮಾತಾಡಿ ಸಾಕಾಗಿತ್ತು. ಒಂದು ಸಲವಾದರೂ ನಾನು ಮೈಕಿನಲ್ಲಿ ಬಾಯಿಬಿಟ್ಟರೆ ಇಡೀ ನಿಲ್ದಾಣ ಕಿವಿಗೊಟ್ಟು ಕೇಳಬೇಕು, ಕೇಳಿದ ಹಾಗೆ ನಡೆಯಬೇಕು! ಹಳೇ ಘೋಷಕರು ನಿವೃತ್ತರಾದದ್ದೇ ತಡ, ನಾನು ಮ್ಯಾನೇಜರ ಮುಂದೆ ಹೋಗಿ ನಿಂತೆ.

ಮ್ಯಾನೇಜರು ಕನ್ನಡಕದ ಮೇಲಿನಿಂದ ನೋಡಿದರು. "ಆಸೆಯೇನೋ ಸರಿ. ನಾಳೆ ಬೆಳಿಗ್ಗೆ ನಿಮಗೆ ಫೋನ್ ಮಾಡ್ತೀನಿ. ಫೋನಲ್ಲೇ ನಿಮ್ಮ ಧ್ವನಿಪರೀಕ್ಷೆ. ಫೋನಲ್ಲಿ ಅರ್ಥವಾದರೆ ಮೈಕಲ್ಲೂ ಅರ್ಥವಾಗುತ್ತೆ. ನಾಳೆಯೇ ಯಾರನ್ನಾದರೂ ಗೊತ್ತು ಮಾಡಬೇಕು, ತಡಮಾಡೋ ಹಾಗಿಲ್ಲ. ಫೋನ್ ಎತ್ತಿ, ಅಷ್ಟು ಸಾಕು."

"ಆಗೇ ಆಗ್ಲಿ ಸಾರ್!" ಅಂದೆ.

"ಹಾಗೇ," ಎಂದು ಅವರು ತಿದ್ದಿದರು. ನಾನು ಓಡಿಬಂದೆ.

ಆ ಸಂಜೆ ಹೆಂಡತಿ ನನ್ನನ್ನು ಮುಂದೆ ಕೂರಿಸಿಕೊಂಡು ಹಕಾರದ ಕಾಗುಣಿತಕ್ಕೆ ಶುರುಮಾಡಿದಳು.

"ಹೇಳಿ. ಹ, ಹಾ, ಹಿ, ಹೀ, ಹು, ಹೂ."

"ಅ, ಆ, ಇ, ಈ, ಉ, ಊ."

"ಅದು ಸ್ವರ ಕಣ್ರೀ! ನಾನು ಕೊನೇ ಸಾಲು ಹೇಳಿಕೊಟ್ಟರೆ ನೀವು ಮೊದಲನೇ ಸಾಲಿಗೆ ಓಡ್ತೀರಲ್ಲ! ಎದೆಯಿಂದ ಉಸಿರು ಬರಬೇಕು, ಹ!"

"ಅ!"

ಸೋಫಾದಲ್ಲಿ ಬಿಸ್ಕತ್ತು ತಿನ್ನುತ್ತಾ ಟಿವಿ ನೋಡುತ್ತಿದ್ದ ಅತ್ತೆ, "ಅಳಿಯಂದಿರಿಗೆ ಎದೆ ಕಟ್ಟಿರಬೇಕು ಕಣೇ. ಬಿಸಿನೀರಿನ ಆವಿಯಲ್ಲಿ ನಿಂತರೆ ಗಂಟಲು ಬಿಡುತ್ತೆ," ಎಂದರು.

ಅತ್ತೆಯ ಬಾಯಿಂದ ನನ್ನ ಪರವಾಗಿ ಬಂದ ಮೊದಲ ಮಾತು ಅದು. ಕೂಡಲೇ ಪಾಲಿಸಿದೆ! ಬಾತ್‌ರೂಮಿನಲ್ಲಿ ಗೀಸರ್ ಹಾಕಿ, ಬಿಸಿನೀರು ಬಿಟ್ಟು, ಆವಿಯ ನಡುವೆ ನಿಂತು ಕಾಗುಣಿತ ಹೇಳಿದೆ. ಏನು ಗಾಂಭೀರ್ಯ, ಏನು ಅನುರಣನ! ಬಾತ್‌ರೂಮಿನಲ್ಲಿ ಕೂಗಿದರೆ ಕತ್ತೆಯೂ ಗಾಯಕನೇ. ಆದರೆ 'ಹ' ಬಂತೋ ಇಲ್ಲವೋ ಅಂತ ಹೇಳುವವರು ಯಾರು? ಅದಕ್ಕೆ ಫೋನು ಬೇಕು. ಫೋನಿನಲ್ಲಿ ಧ್ವನಿ ಹಿಡಿದಿಟ್ಟು, ಕೇಳಿ, ತಿದ್ದಿಕೊಳ್ಳಬೇಕು.

"ಫೋನ್ ಒಳಗೆ ತಗೊಂಡು ಹೋಗಬೇಡಿ," ಎಂದಳು ಹೆಂಡತಿ. "ಆವಿ ಒಳಗೆ ಹೋಗಿ ನೀರಾದರೆ ಕಥೆ ಮುಗೀತು. ನಾಳೆ ಬೆಳಿಗ್ಗೆ ಮ್ಯಾನೇಜರು ಕರೆ ಮಾಡಿದರೆ ಯಾವುದರಲ್ಲಿ ಮಾತಾಡ್ತೀರಿ, ಸೋಪಿನ ಡಬ್ಬೀಲಾ?"

ಅದಕ್ಕೇ ನೋಡಿ, ಆ ಪ್ರತಿಜ್ಞೆ!

ಮೊದಲು ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರಬ್ಬರ್‌ಬ್ಯಾಂಡ್ ಬಿಗಿದೆ. ನನ್ನ ಧ್ವನಿ ಮೂಟೆಯೊಳಗೆ ಕಟ್ಟಿಹಾಕಿದ ಬೆಕ್ಕಿನ ಕೂಗಿನಂತೆ ಕೇಳಿಸಿತು. ಆಮೇಲೆ ಹೊಸ ಶೂಗಳ ಜೊತೆ ಬರುತ್ತವಲ್ಲ, ತೇವ ಹೀರುವ ಪುಟಾಣಿ ಪೊಟ್ಟಣಗಳು, ಅವನ್ನು ಮನೆಯಲ್ಲಿದ್ದ ಎಲ್ಲ ಶೂ ಪೆಟ್ಟಿಗೆಗಳಿಂದ ಹೆಕ್ಕಿ ತಂದು ಫೋನಿನ ಸುತ್ತ ಪೇರಿಸಿದೆ. ಫೋನು ಕಾಣದೆ ಹೋಯಿತು. ಕೊನೆಗೆ ನನ್ನ ಕಣ್ಣು ಬಿದ್ದದ್ದು ಅತ್ತೆಯ ಬಿಸ್ಕತ್ತು ಡಬ್ಬಿಯ ಮೇಲೆ. ದಪ್ಪ ಪ್ಲಾಸ್ಟಿಕ್ಕಿನ, ಒಳಗಿನದೆಲ್ಲಾ ಕಾಣುವ ಡಬ್ಬಿ. ಮುಚ್ಚಳಕ್ಕೆ ಸುತ್ತಲೂ ರಬ್ಬರಿನ ಅಂಚು. ಗಾಳಿಯೂ ಆಡದು, ಇರುವೆಯೂ ನುಸುಳದು. ಕೋಟೆ ಅಂದರೆ ಕೋಟೆ! ಬಿಸ್ಕತ್ತುಗಳನ್ನು ತಟ್ಟೆಗೆ ಸುರಿದೆ. ಅತ್ತೆ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ಡಬ್ಬಿಯೊಳಗೂ ತೇವವಿರಬಾರದಲ್ಲ? ಹೆಂಡತಿಯ ಹೇರ್ ಡ್ರೈಯರ್ ತಂದು ಒಳಗೆಲ್ಲಾ ಬಿಸಿಗಾಳಿ ಊದಿದೆ. ಕಾದ ಡಬ್ಬಿಗೆ ಫೋನು ಇಳಿಸಿ, ಬಿಸಿ ಆರುವ ಮೊದಲೇ ಮುಚ್ಚಳ ಒತ್ತಿ, ಮೇಲೆ ಕೂತು ಭದ್ರ ಮಾಡಿದೆ. ಮೂಲವಿಜ್ಞಾನ ಬಲ್ಲವರು ಇಲ್ಲೇ ನಗಲು ಶುರುಮಾಡಿರಬಹುದು. ನಾನು ಬಲ್ಲವನಲ್ಲ.

"ಡಬ್ಬಿಯೊಳಗೆ ಇದ್ದರೆ ಕರೆ ಎತ್ತೋದು ಹೇಗೆ?" ಎಂದು ಹೆಂಡತಿ ಕೇಳಿದಳು.

ನಾನು ಜಂಭದಿಂದ ನಕ್ಕೆ. ಅದನ್ನು ಮೊದಲೇ ಯೋಚಿಸಿದ್ದೆ! ಮುಟ್ಟದೆಯೇ ಕರೆ ಎತ್ತುವ ಏರ್ಪಾಡೊಂದು ಫೋನಿನಲ್ಲಿತ್ತು. ಕರೆ ಬಂದಾಗ ಹತ್ತಿರದಲ್ಲಿ ಯಾರಾದರೂ "ಹಲೋ" ಅಂದರೆ ಸಾಕು, ಫೋನು ತಾನೇ ಎತ್ತಿಕೊಂಡು ಜೋರಾಗಿ ಮಾತಾಡಿಸುತ್ತದೆ. ಪರೀಕ್ಷೆ ಮಾಡಿಯೂ ನೋಡಿದೆವು. ಅವಳ ಫೋನಿನಿಂದ ಕರೆ ಮಾಡಿ, ಅವಳೇ "ಹಲೋ" ಅಂದಳು. ತಟ್ಟನೆ ಎತ್ತಿಕೊಂಡಿತು!

"ನೋಡಿದ್ಯಾ? ಒದ್ದೆ ಕೈ ಸೋಕಿಸದೆ, ಆವಿ ತಾಗಿಸದೆ, ಡಬ್ಬಿಯೊಳಗಿಂದಲೇ ಮಾತು! ಏಗಿದೆ ನನ್ನ ತಲೆ?"

"ಫೋನ್ ಒಣಗಿರುತ್ತೋ ಇಲ್ವೋ ಕಾಣೆ, ಜಂಭ ಮಾತ್ರ ಪೂರ್ತಿ ಒಣದೇ," ಎಂದು ಅವಳು ಮಲಗಲು ಹೋದಳು.

ಬೆಳಗಾಯಿತು. ಡಬ್ಬಿ ಹಿಡಿದು, ಟವೆಲ್ ಸುತ್ತಿ, ರಣರಂಗಕ್ಕೆ ನಡೆದೆ. ಒಳಗಿನಿಂದ ಚಿಲಕ ಹಾಕಿದೆ. ನಲ್ಲಿಯಿಂದ ಕುದಿಕುದಿ ನೀರು ಬಕೆಟ್ಟಿಗೆ ಸುರಿಯಿತು. ಆವಿ ಎದ್ದಿತು ನೋಡಿ! ಕನ್ನಡಿ ಮಾಯ, ಕಿಟಕಿ ಮಾಯ, ನನ್ನ ಕಾಲೇ ನನಗೆ ಕಾಣಲಿಲ್ಲ. ಎದೆ ತುಂಬ ಎಳೆದುಕೊಂಡು ಕಾಗುಣಿತ ಶುರುಮಾಡಿದೆ. ಡಬ್ಬಿಯನ್ನು ಶೆಲ್ಫಿನ ಮೇಲೆ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡುತ್ತೇನೆ, ಡಬ್ಬಿ ಪೂರಾ ಮಬ್ಬು! ರಾತ್ರಿಯೆಲ್ಲಾ ಕಿಟಕಿಯ ಬಳಿ ತಣ್ಣಗಿದ್ದ ಡಬ್ಬಿಯ ಹೊರಮೈ ಮೇಲೆ ಆವಿ ಕೂತಿತ್ತು, ಅಷ್ಟೇ. ಆ ಗಾಬರಿಯಲ್ಲಿ ಒಳಗೇನು ಹೊರಗೇನು? ಕೋಟೆ ಬಿತ್ತು, ಶತ್ರು ಒಳಗೆ ನುಗ್ಗಿದ ಎಂದೇ ನಾನು ತಿಳಿದೆ.

ಮುಚ್ಚಳ ಎಳೆದೆ. ಬರಲಿಲ್ಲ. ಹೊಟ್ಟೆಗೆ ಒತ್ತಿಕೊಂಡು ಎಳೆದೆ. ಮೊಣಕಾಲಲ್ಲಿ ಸಿಕ್ಕಿಸಿ ಎಳೆದೆ. ಹಲ್ಲಿನಿಂದ ಎಳೆದೆ. ಬಿಸಿಯಲ್ಲಿ ಮುಚ್ಚಿದ್ದ ಡಬ್ಬಿ ತಣ್ಣಗಾಗಿ, ತನ್ನ ಮುಚ್ಚಳವನ್ನು ತಾನೇ ಒಳಗೆ ಹೀರಿಕೊಂಡು ಜಪ್ಪಯ್ಯ ಅಂದರೂ ಬಿಡದೆ ಕೂತಿತ್ತು. ಆ ಹೊತ್ತಿಗೇ ಡಬ್ಬಿಯೊಳಗೆ "ಗುರ್... ಗುರ್..." ಎಂದು ಫೋನು ನಡುಗಿತು. ಕರೆ! ಮ್ಯಾನೇಜರದು!

ಗಂಟಲು ಸರಿಮಾಡಿಕೊಂಡು, ಡಬ್ಬಿಗೆ ಬಾಯಿಟ್ಟು, ಗಂಭೀರವಾಗಿ ನುಡಿದೆ: "ಅಲೋ!"

"ಗುರ್... ಗುರ್..."

"ಅಲೋ! ಅಲೋ! ಅಲ್ಲೋ!"

"ಗುರ್..." ನಿಂತುಹೋಯಿತು. ಆ ಫೋನು ಶುದ್ಧ ಕನ್ನಡದ ಫೋನು. ಹಕಾರವಿಲ್ಲದ ಹಲೋಗೆ ಓಗೊಡಲಿಲ್ಲ!

ಇನ್ನೊಂದು ಸಲ ಕರೆ ಬರಬಹುದು. ಅಷ್ಟರೊಳಗೆ ಈ ಡಬ್ಬಿ ತೆರೆಯಬೇಕು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ: "ಬೇಗ ಬಾರೇ! ಬಾತ್‌ರೂಮಲ್ಲಿ ಆವಿದೆ! ಡಬ್ಬಿಯೊಳಗೂ ಆವಿದೆ!"

ಜನ್ಮದಲ್ಲಿ ಅಪರೂಪಕ್ಕೆ ನಾನು ಹಕಾರದ ಹಂಗಿಲ್ಲದ ಒಂದು ಶಬ್ದವನ್ನು ಸರಿಯಾಗಿ ಹೇಳಿದ್ದೆ. ಏನು ಪ್ರಯೋಜನ? ಕೇಳುವವರು ಎಂದಿನ ಧಾರಾಳದಿಂದ ಒಂದು 'ಹ' ಬೆರೆಸಿಕೊಂಡರು!

"ಅಮ್ಮಾ!" ಹೆಂಡತಿ ಕಿರುಚಿದ್ದು ಕೇಳಿಸಿತು. "ಬಾತ್‌ರೂಮಲ್ಲಿ ಹಾವಿದೆಯಂತೆ!"

"ಅಯ್ಯೋ ಶಿವನೇ! ಹಾವಾ?"

"ರೀ, ಎಷ್ಟು ದೊಡ್ಡದು?"

ಇದೆಂಥ ಪ್ರಶ್ನೆ ಅನ್ನಿಸಿತು. "ದೊಡ್ಡದು ಅಂತ ಏನ್ ಕೇಳ್ತೀಯೇ? ಇಡೀ ಬಾತ್‌ರೂಮ್ ತುಂಬ್ಕೊಂಡಿದೆ!"

"ಅಯ್ಯಯ್ಯೋ! ಯಾವ ಬಣ್ಣ ರೀ?"

"ಬೆಳ್ಳಗೆ!"

"ಈಗ ಎಲ್ಲಿದೆ?"

"ಎಲ್ಲಿದೆ ಅಂದ್ರೆ? ಕನ್ನಡಿ ಮೇಲಿದೆ, ಕಿಟಕಿ ಮೇಲಿದೆ, ನನ್ನ ತಲೆ ಮೇಲೂ ಇದೆ!"

"ತಲೆ ಮೇಲೆ ಹತ್ತಿದೆಯಂತೆ ಕಣಮ್ಮಾ! ರೀ, ಅಲುಗಾಡಬೇಡಿ! ಎಲ್ಲಿಂದ ಬಂತು ಅದು?"

"ಇನ್ನೆಲ್ಲಿಂದ? ಬಿಸಿನೀರಿನ ನಲ್ಲಿಯಿಂದ!"

ಹೊರಗೆ ಧೊಪ್ಪನೆ ಯಾರೋ ಕೂತ ಸದ್ದು. "ಆ ನಲ್ಲಿ ನೀರಲ್ಲೇ ಕಣೇ ನಾನು ಈಗಷ್ಟೇ ಮುಖ ತೊಳೆದದ್ದು!" ಎಂದು ಅತ್ತೆ ನರಳಿದರು.

ಇವರ ಮಾತಿನ ತಲೆಬುಡ ನನಗೆ ತಿಳಿಯಲಿಲ್ಲ. ಒಳಗಿನ ಚಿಲಕ ತೆಗೆದು ಬಾಗಿಲು ಎಳೆಯಲು ಹೋದೆ. ಅದೇ ಕ್ಷಣ ಹೊರಗಿನಿಂದ ಟಪ್ಪನೆ ಚಿಲಕ ಬಿತ್ತು!

"ಏ, ಬಾಗಿಲು ತೆಗಿಯೇ! ಆವಿ ಆಚೆ ಓಗ್ಲಿ!"

"ಆಚೆ ಬಿಡೋದಾ? ನಿಮಗೇನು ಬುದ್ಧಿ ಇದೆಯಾ? ಮನೇಲಿ ವಯಸ್ಸಾದ ಅಮ್ಮ ಇದ್ದಾರೆ!"

"ನಿಮ್ಮಮ್ಮನಿಗೆ ಅದು ತುಂಬಾ ಒಳ್ಳೇದು ಕಣೇ! ಒಂದು ಸಲ ಮೂಗಿನೊಳಗೆ ಓದ್ರೆ ಎಲ್ಲಾ ಸಲೀಸಾಗುತ್ತೆ!"

ಹೊರಗಿನಿಂದ ಅತ್ತೆಯ ತಣ್ಣನೆಯ ಧ್ವನಿ: "ಕೇಳಿದ್ಯಾ? ಅಳಿಯಂದಿರ ಮನಸ್ಸಲ್ಲಿ ಏನಿದೆ ಅಂತ ಕೊನೆಗೂ ಬಾಯಿಬಿಟ್ಟು ಹೇಳಿದರು. ನಾನು ಮದುವೆ ದಿನವೇ ಅಂದ್ಕೊಂಡೆ."

ಆಗ ನನ್ನ ತಲೆಗೆ ಹೊಳೆಯಿತು, ಇವರು ಯಾವುದನ್ನು ಯಾವುದೆಂದು ಕೇಳಿಸಿಕೊಂಡಿದ್ದಾರೆ ಅಂತ. ಹಾವಲ್ಲ, ಆವಿ ಎಂದು ಹೇಳಿಬಿಟ್ಟರೆ ಮುಗಿಯಿತಲ್ಲ! ಬಾಗಿಲಿಗೆ ಬಾಯಿಟ್ಟು ಕೂಗಿದೆ: "ಆವಲ್ಲ ಕಣೇ, ಆವಿ! ಆವಲ್ಲ! ಆವಿ!"

"ಹಾವಲ್ಲವಂತೆ, ಹಾವಂತೆ," ಎಂದಳು ಹೆಂಡತಿ ಅಳುವ ಧ್ವನಿಯಲ್ಲಿ.

"ವಿಷ ತಲೆಗೇರಿದೆ. ಇನ್ನು ಹೀಗೇ ಬಡಬಡಿಸೋದು," ಎಂದರು ಅತ್ತೆ.

ಬೇರೆ ಮಾತು ಬಳಸೋಣ ಅಂದುಕೊಂಡೆ. ಕನ್ನಡಕ್ಕೇನು ಬಡತನವೇ? ಆವಿಗೆ ಇನ್ನೊಂದು ಹೆಸರಿದೆ, ಹಬೆ! ಇದ್ದಬದ್ದ ಉಸಿರೆಲ್ಲಾ ಸೇರಿಸಿ, "ಅಬೆ! ಅಬೇ!" ಎಂದು ಅರಚಿದೆ.

ಅತ್ತೆ ಬಿಕ್ಕಿಬಿಕ್ಕಿ ಅತ್ತರು. "ಅಬ್ಬೆ ಅಬ್ಬೆ ಅಂತ ಹೆತ್ತ ತಾಯಿನ ಕರೀತಿದ್ದಾರೆ ಕಣೇ! ಎಷ್ಟಾದರೂ ಕೊನೇ ಹೊತ್ತಲ್ಲಿ ನೆನಪಾಗೋದು ತಾಯಿಯೇ!"

ನಾನು ಕಮೋಡಿನ ಮುಚ್ಚಳದ ಮೇಲೆ ಕುಸಿದು ಕೂತೆ. ಡಬ್ಬಿಯೊಳಗೆ ಮತ್ತೆ "ಗುರ್... ಗುರ್..." ಎಂದು ಫೋನು ನಡುಗಿತು. ಎರಡನೇ ಕರೆ! "ಅಲೋ" ಅಂದೆ, "ಆಲೋ" ಅಂದೆ, "ಎಲೋ" ಅಂದೆ, ಕೊನೆಗೆ "ಎಲೈ" ಅಂತಲೂ ಅಂದೆ. ನನ್ನ ಭವಿಷ್ಯ ಡಬ್ಬಿಯೊಳಗೆ ನಡುಗುತ್ತಿದೆ, ನನ್ನ ಕ್ಷೇಮ ಬಾಗಿಲಾಚೆ ಅಳುತ್ತಿದೆ, ನಡುವೆ ನಾನೊಬ್ಬ ಟವೆಲ್ ಸುತ್ತಿದ ನತದೃಷ್ಟ!

ಅಷ್ಟರಲ್ಲಿ ಬಾತ್‌ರೂಮಿನ ಕಿಟಕಿಯ ಪಕ್ಕದ ಓಣಿಗೆ ಹೆಂಡತಿ ಓಡಿಹೋಗಿ ಎದುರುಮನೆಯ ಕಡೆ ಕೂಗಿದಳು: "ಹಲೋ! ಹಲೋ! ಪೈಲ್ವಾನ್ರೇ! ಓಡಿಬನ್ನಿ, ಹಾವು!"

ಫೋನಿನ ನಡುಕ ತಟ್ಟನೆ ನಿಂತಿತು. ಮ್ಯಾನೇಜರು ಬೇಸತ್ತು ಫೋನ್ ಇಟ್ಟರು, ನನ್ನ ಮೈಕಿಗೆ ಎಳ್ಳುನೀರು ಬಿಟ್ಟ ಹಾಗಾಯಿತು ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಆವಿಯದೋ ದುಃಖದ್ದೋ, ಆ ಸ್ಥಿತಿಯಲ್ಲಿ ಯಾರು ಬೇರ್ಪಡಿಸಬೇಕು?

ಹೊರಗೆ ಹೆಂಡತಿ ದಂಡನಾಯಕಿಯಾಗಿಬಿಟ್ಟಿದ್ದಳು. ಅಳು ಎಲ್ಲಿ ಹೋಯಿತೋ! "ಅಮ್ಮಾ, ನೀನು ಸೋಫಾ ಹತ್ತು! ಹಿಂದಿನ ಬಾಗಿಲು ಹಾಕಿಬಿಡು! ಹಳೇ ಬಟ್ಟೆಯೆಲ್ಲಾ ತಂದು ಈ ಬಾಗಿಲ ಸಂದಿಗೆ ತುರುಕಿ! ಹೊದಿಕೆ ಎಲ್ಲಿ? ಹಗ್ಗ ಎಲ್ಲಿ? ಹುಷಾರು, ಹೇಳದೆ ಯಾರೂ ಹತ್ತಿರ ಹೋಗಬೇಡಿ!" ಒಂದೇ ಉಸಿರಿನಲ್ಲಿ ಅಷ್ಟು ಹಕಾರ! ನನ್ನ ಇಡೀ ವಂಶ ಸೇರಿ ಅಷ್ಟು ಹೇಳಿಲ್ಲ. ಕೂಗಿಗೆ ಓಡಿಬಂದಿದ್ದ ಅಕ್ಕಪಕ್ಕದವರು ಅವಳ ಅಪ್ಪಣೆಯಂತೆ ಬಾಗಿಲ ಸಂದಿಗೆ ಬಟ್ಟೆ ತುರುಕಿದರು. ಹೊರಹೋಗುತ್ತಿದ್ದ ಅಷ್ಟಿಷ್ಟು ಆವಿಯೂ ನಿಂತು, ನಾನು ಒಳಗೆ ಬೇಯತೊಡಗಿದೆ.

ಪೈಲ್ವಾನ್ ಅಂದರೆ ಎದುರುಮನೆಯ ಜಿಮ್ ಮೇಷ್ಟ್ರು. ಅವರ ತೋಳು ನನ್ನ ತೊಡೆಯಷ್ಟಿದೆ. ಬಂದವರೇ, "ಹೆದರಬೇಡಿ, ನಾನಿದ್ದೀನಿ!" ಎಂದು ಗುಡುಗಿದರು. ಎಲ್ಲಿಂದ ಗುಡುಗಿದರು? ಅತ್ತೆಯ ಪಕ್ಕದಲ್ಲಿ, ಸೋಫಾದ ಮೇಲೆ ನಿಂತು! ಅದು ನನಗೆ ಆಮೇಲೆ ಗೊತ್ತಾದದ್ದು.

"ಇಳಿದು ಬನ್ನಿ ಪೈಲ್ವಾನ್ರೇ!" ಎಂದಳು ಹೆಂಡತಿ.

"ಒಂದು ಸ್ವಲ್ಪ ವಾರ್ಮಪ್ ಆಗಲಿ ಮೇಡಂ!"

"ಇಳೀರಿ ಅಂದೆ!"

ಪೈಲ್ವಾನ್ ಇಳಿದರು. ಆ ಧ್ವನಿಗೆ ಯಾರಾದರೂ ಇಳಿಯುತ್ತಾರೆ. ಬಾಗಿಲು ತೆರೆಯಿತು. ಹೊದಿಕೆಯನ್ನು ಗುರಾಣಿಯಂತೆ ಹಿಡಿದು ಅವರು ನುಗ್ಗಿದರು. ಅವರ ಮುಖಕ್ಕೆ ಭಗ್ಗೆಂದು ಆವಿ ಹೊಡೆಯಿತು. "ಬುಸುಗುಟ್ಟಿತು! ಬುಸುಗುಟ್ಟಿತು!" ಎಂದು ಅವರು ಹೊದಿಕೆಯನ್ನು ನನ್ನ ಮೇಲೇ ಎಸೆದು, ನನ್ನನ್ನು ಅಪ್ಪಿ ಹಿಡಿದು ನೆಲಕ್ಕೆ ಕೆಡವಿದರು.

"ನಾನು ಕಣ್ರೀ! ನಾನು!" ಎಂದೆ ಹೊದಿಕೆಯೊಳಗಿಂದ.

ಹೆಂಡತಿ ಹೊದಿಕೆ ಸರಿಸಿ ನೋಡಿದಳು. "ಹಾವೆಲ್ಲಿ?"

"ಆವಲ್ಲ ಮಾರಾಯ್ತಿ..." ಎನ್ನುವಷ್ಟರಲ್ಲಿ, ನನ್ನ ಎದೆಗೆ ಅವುಚಿಕೊಂಡಿದ್ದ ಡಬ್ಬಿಯೊಳಗಿಂದ ಸದ್ದು ಬಂತು. "ಶ್... ಶ್ಶ್... ಶ್ಶ್ಶ್..."

ಎಲ್ಲರೂ ಕಲ್ಲಾದರು. ನಾನೂ! ಮಬ್ಬು ಡಬ್ಬಿಯೊಳಗೆ ಕಪ್ಪಗೆ ಉದ್ದಕ್ಕೆ ಏನೋ ಮಲಗಿದ್ದು ಕಾಣುತ್ತಿತ್ತು. ಅದು ನನ್ನದೇ ಫೋನು ಅಂತ ಗೊತ್ತಿದ್ದೂ, ಆ ಕ್ಷಣ ನನಗೇ ಅನುಮಾನ ಬಂತು.

"ಡಬ್ಬಿಯೊಳಗಿದೆ! ಅಳಿಯಂದಿರು ಹಿಡಿದು ಹಾಕಿಬಿಟ್ಟಿದ್ದಾರೆ!" ಎಂದು ಅತ್ತೆ ಸೋಫಾದ ಮೇಲಿನಿಂದ ಉದ್ಗರಿಸಿದರು. ಮೆಚ್ಚುಗೆಯಿಂದ! ನಾನು ಆ ಮೆಚ್ಚುಗೆಯನ್ನು ಸವಿಯುವ ಮೊದಲೇ ಪೈಲ್ವಾನ್ ಡಬ್ಬಿ ಕಿತ್ತುಕೊಂಡು, "ಮುಳುಗಿ ಸಾಯಿ!" ಎಂದು ಕುದಿನೀರಿನ ಬಕೆಟ್ಟಿನೊಳಗೆ ಅದುಮಿದರು.

"ಬೇಡಾ!" ಎಂದು ನಾನು ನೆಲದಿಂದಲೇ ಹಾರಿದೆ.

ನನ್ನ ಇಡೀ ಮೈಬಲಕ್ಕೆ, ಮೊಣಕಾಲಿಗೆ, ಹಲ್ಲಿಗೆ ಜಗ್ಗದಿದ್ದ ಆ ಮುಚ್ಚಳ ಬಿಸಿನೀರು ತಾಗಿದ್ದೇ ತಡ, "ಟೊಪ್" ಎಂದು ತಾನಾಗಿ ಬಿಚ್ಚಿಕೊಂಡಿತು! ಫೋನು ಬಕೆಟ್ಟಿನ ತಳಕ್ಕೆ ನೆಮ್ಮದಿಯಾಗಿ ಇಳಿದು, ಒಂದೆರಡು ಗುಳ್ಳೆ ಬಿಟ್ಟು, ಕಣ್ಣು ಮುಚ್ಚಿತು. ಹನಿ ಆವಿ ತಾಗಬಾರದೆಂದು ಕಾಪಾಡಿದ್ದ ಫೋನು ಬಕೆಟ್ಟುಗಟ್ಟಲೆ ನೀರುಪಾಲಾಯಿತು.

ಪೈಲ್ವಾನ್ ಬಗ್ಗಿ ನೋಡಿ, "ಇದು ಹಾವಲ್ಲ ಮೇಡಂ, ಫೋನು," ಎಂದು ಗಂಭೀರವಾಗಿ ವರದಿ ಮಾಡಿದರು.

ಹೆಂಡತಿ ಬಕೆಟ್ಟನ್ನು ನೋಡಿದಳು. ಆವಿಯನ್ನು ನೋಡಿದಳು. ನನ್ನನ್ನು ನೋಡಿದಳು. ಅವಳ ತುಟಿ ನಿಧಾನವಾಗಿ "ಆ...ವಿ..." ಎಂದು ಆಡಿತು. ಮುಂದೆ ಅವಳು ನನಗೆ ನೀರಿಳಿಸುತ್ತಾಳೆ ಅಂತ ಕಾದು ನಿಂತೆ. ಅವಳೋ ಅಲ್ಲೇ ಒದ್ದೆ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ಹ ಹಾ ಹಿ ಹೀ ಹು ಹೂ ಎಂದು ಕಾಗುಣಿತ ಪೂರ್ತಿ ಮುಗಿಯುವವರೆಗೆ ನಕ್ಕಳು.

ನನಗೆ ನಗು ಬರಲಿಲ್ಲ. ನಿಜವಾಗಿ ಹೇಳುತ್ತೇನೆ, ಅಳು ಬಂತು. "ನಗ್ತೀಯಾ? ಎರಡು ಸಲ ಕರೆ ಬಂತು ಕಣೇ. ಎರಡು ಸಲವೂ ಎತ್ತಲಿಲ್ಲ. ಇನ್ನು ಆ ಗಾಜಿನ ತೂತೇ ನನಗೆ ಗತಿ," ಎಂದೆ. ಅವಳ ನಗು ನಿಂತಿತು. ಏನೋ ಸಮಾಧಾನ ಹೇಳಲು ಬಾಯಿ ತೆರೆದಳು. ಆಗ ಒಳಕೋಣೆಯಲ್ಲಿ ಅವಳ ಫೋನು ರಿಂಗಾಯಿತು.

ಎತ್ತಿ ಕೇಳಿ, ಬೆಚ್ಚಿ, ನನ್ನ ಕೈಗೆ ಕೊಟ್ಟಳು. "ನಿಮ್ಮ ಮ್ಯಾನೇಜರು! ಆಫೀಸಲ್ಲಿ ನನ್ನ ನಂಬರ್ ಇತ್ತಂತೆ!"

"ಅಲೋ ಸಾರ್!"

"ಬದುಕಿದ್ದೀರಾ? ಹಾವು ಹೋಯಿತಾ? ಇದ್ದಕ್ಕಿದ್ದ ಹಾಗೆ ಗುಳುಗುಳು ಅಂತ ನಿಂತುಹೋಯಿತಲ್ಲ ಫೋನು!"

ನನಗೆ ನಿಧಾನವಾಗಿ ಅರ್ಥವಾಯಿತು. ಓಣಿಯಲ್ಲಿ ಹೆಂಡತಿ ಕೂಗಿದ "ಹಲೋ"ಗೆ ಫೋನು ಕರೆ ಎತ್ತಿಕೊಂಡಿತ್ತು! ಅಲ್ಲಿಂದ ಮುಂದಿನದನ್ನೆಲ್ಲಾ ಮ್ಯಾನೇಜರು ಕೇಳಿದ್ದರು. ಆಫೀಸಿನವರೆಲ್ಲಾ ಸುತ್ತ ನೆರೆದು ಗಲಾಟೆ ಮಾಡಿದಾಗ, ಸುಮ್ಮನಿರಿ, ಕೇಳಿಸಲ್ಲ ಎಂದು ಅವರು ಗದರಿಸಿದ್ದೇ ನಮ್ಮ ಡಬ್ಬಿಯ "ಶ್ಶ್ಶ್"!

"ಸಾರ್, ನನ್ನ ಧ್ವನಿಪರೀಕ್ಷೆ..." ಎಂದೆ ಕ್ಷೀಣವಾಗಿ.

"ಪರೀಕ್ಷೆ ಆಗಿಹೋಯಿತು! ಏನು ಧ್ವನಿ ರೀ ಅದು! ಅಷ್ಟು ಗದ್ದಲ, ಮುಚ್ಚಿದ ಬಾಗಿಲು, ಸುರಿಯೋ ನೀರು, ಇಷ್ಟೆಲ್ಲಾ ದಾಟಿಕೊಂಡು ಒಂದೊಂದು ಅಕ್ಷರವೂ ಬಂದು ಕಿವಿಗೆ ಬಿತ್ತು. ಇಂಥ ಧ್ವನಿಗಾಗಿಯೇ ನಾನು ಹುಡುಕ್ತಿದ್ದೆ. ಕೆಲಸ ಖಾಯಂ!"

ನನ್ನ ಎದೆ ಉಬ್ಬಿತು. ಟವೆಲ್ ಬಿಗಿಯಾಯಿತು. "ಎಲ್ಲಾ ತಮ್ಮ ಆಶೀರ್ವಾದ ಸಾರ್!"

"ಆಶೀರ್ವಾದ ಇರಲಿ. ಫೋನು ಅವರಿಗೆ ಕೊಡಿ."

"ಯಾರಿಗೆ ಸಾರ್?"

"ಹಳೇ ಬಟ್ಟೆಯೆಲ್ಲಾ ಬಾಗಿಲ ಸಂದಿಗೆ ತುರುಕಿ ಅಂದರಲ್ಲ, ಅವರಿಗೆ!"

ಕೊಟ್ಟೆ. ಇನ್ನೇನು ಮಾಡಲಿ? ಅವಳು ಬೇಡ ಅಂದಳು, ಇವರ ಆಸೆ ಅದು ಅಂದಳು, ನನ್ನ ಮುಖ ನೋಡಿದಳು. ಆ ನೋಟ ನೋಡಿ ನನ್ನ ಹೊಟ್ಟೆಕಿಚ್ಚು ಅರ್ಧ ಆರಿತು. ಕೆಲಸ ಹುಡುಕಿ ಹುಡುಕಿ ಸೋತವಳು ಅವಳು, ನನಗಾಗಿ ಬಿಟ್ಟುಕೊಡುತ್ತಿದ್ದಾಳಲ್ಲ! "ಒಪ್ಪಿಕೋ ಕಣೇ," ಎಂದೆ. ಉಳಿದರ್ಧ ಹೊಟ್ಟೆಕಿಚ್ಚು ಇನ್ನೂ ಇದೆ, ಸುಳ್ಳು ಯಾಕೆ?

ಮ್ಯಾನೇಜರು ದಯಾಳು. ನನ್ನನ್ನೂ ಪೂರ್ತಿ ಕೈಬಿಡಲಿಲ್ಲ. ಗಾಜಿನ ಕೌಂಟರಿನಿಂದ ಬಿಡಿಸಿ ಘೋಷಣೆಯ ಕೋಣೆಗೇ ಹಾಕಿದರು. ಕೆಲಸ ಏನು? ಮೈಕಿನ ಗುಂಡಿ ಒತ್ತುವುದು. ಅವಳು ಮಾತಾಡುವಾಗ ಒತ್ತಬೇಕು, ಮುಗಿಸಿದಾಗ ಬಿಡಬೇಕು. ಬಾಯಿ ತೆರೆಯುವಂತಿಲ್ಲ.

ಮೊದಲ ದಿನ ನಾನು ಹೊಸ ಅಂಗಿ ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಗುಂಡಿಯ ಮೇಲೆ ಬೆರಳಿಟ್ಟೆ. ಎದುರಿನ ಕಿಟಕಿಯಿಂದ ಇಡೀ ನಿಲ್ದಾಣ ಕಾಣುತ್ತಿತ್ತು. ಕಿಕ್ಕಿರಿದ ಜನ, ಗುರುಗುಟ್ಟುವ ಬಸ್ಸುಗಳು. ಉತ್ಸಾಹ ತಡೆಯಲಾರದೆ ಒಂದು ಕ್ಷಣ ಮೊದಲೇ ಒತ್ತಿಬಿಟ್ಟೆ. ಕೆಂಪು ದೀಪ ಹತ್ತಿತು. ಅವಳಿನ್ನೂ ಮೈಕಿನ ಕಡೆ ತಿರುಗಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು.

"ರೀ!" ಎಂದಳು. "ಅಂಗಿ ಗುಂಡಿ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ ಹಾಕ್ಕೊಂಡಿದ್ದೀರಿ. ಮೊದಲು ಸರಿಮಾಡ್ಕೊಳ್ಳಿ!"

ಹತ್ತು ದಿಕ್ಕಿನ ಧ್ವನಿವರ್ಧಕಗಳಲ್ಲಿ ಅದು ಮೊಳಗಿತು. ಕಿಟಕಿಯಿಂದ ನೋಡುತ್ತೇನೆ, ನಿಲ್ದಾಣದ ಗಂಡಸರೆಲ್ಲಾ ಒಟ್ಟಿಗೆ ತಲೆ ಬಗ್ಗಿಸಿ ತಮ್ಮ ತಮ್ಮ ಅಂಗಿ ನೋಡಿಕೊಳ್ಳುತ್ತಿದ್ದಾರೆ! ಸ್ಟೀರಿಂಗ್ ಹಿಡಿದ ಡ್ರೈವರು, ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು, ಲಾಠಿ ಕಂಕುಳಲ್ಲಿಟ್ಟ ಪೊಲೀಸು, ಆಚೆ ಮಹಡಿಯ ಕಿಟಕಿಯಲ್ಲಿ ಸ್ವತಃ ಮ್ಯಾನೇಜರು, ಎಲ್ಲರ ಕೈಯೂ ಗುಂಡಿಯ ಮೇಲೆ!

ನನ್ನ ಕೈಯೂ ತಾನಾಗಿ ಹೋಯಿತು. ಅಷ್ಟು ಜನರಲ್ಲಿ ತಪ್ಪು ಹಾಕಿಕೊಂಡಿದ್ದವನು ನಾನೊಬ್ಬನೇ.